ವ್ಯಾಪಾರಿ ಇಂಗ್ಲಿಷ್: ವಾಕ್ಯದ ಆರಂಭದಲ್ಲಿ ದಾರಿ ತಪ್ಪುವ ಪದಗುಚ್ಛಗಳು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಆಡುವ ಮಾತಿಗೆ ಹೇಳಿದ್ದು. ವ್ಯಾಪಾರದಲ್ಲಿ ಬರೆದ ಮಾತು ಹಾಗೆ ಹೋಗುವುದಿಲ್ಲ. ಅದು ಕಡತದಲ್ಲಿ ಉಳಿದು, ವ್ಯಾಜ್ಯ ಹುಟ್ಟಿದ ದಿನ ಮೇಜಿನ ಮೇಲೆ ಬರುತ್ತದೆ. ದರಪಟ್ಟಿ, ಖರೀದಿ ಆದೇಶ, ತಕರಾರು ಪತ್ರ, ಗ್ಯಾರಂಟಿ ಕಾರ್ಡು, ಯಂತ್ರದ ಬಳಕೆಯ ಕೈಪಿಡಿ ಮುಂತಾದವು ಇಂದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಸಿದ್ಧವಾಗುತ್ತವೆ. ಅವುಗಳನ್ನು ಕಳುಹಿಸುವ ಮುನ್ನ ಅಂಕಿಗಳನ್ನೂ ಕಾಗುಣಿತವನ್ನೂ ಎರಡೆರಡು ಬಾರಿ ನೋಡುವ ವರ್ತಕರಿದ್ದಾರೆ. ಆದರೆ ವಾಕ್ಯದ ಮೊದಲ ತುಂಡು ಯಾರಿಗೆ ಸೇರಿದ್ದು ಎಂಬುದನ್ನು ಪರಿಶೀಲಿಸುವವರು ವಿರಳ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆಗೂ ಈ ದೋಷ ಸಿಕ್ಕುವುದಿಲ್ಲ. ಏಕೆಂದರೆ ಇಲ್ಲಿ ಪ್ರತಿಯೊಂದು ಪದವೂ ಸರಿಯಾಗಿಯೇ ಇರುತ್ತದೆ. ತಪ್ಪುವುದು ಪದಗಳ ನಡುವಣ ಸಂಬಂಧ ಮಾತ್ರ.

ಬಾಕಿ ಹಣ ಕೇಳಿ ಸಣ್ಣ ಕೈಗಾರಿಕೆಯೊಂದು ತನ್ನ ಖರೀದಿದಾರನಿಗೆ ಬರೆಯುವ ಪತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಗ್ಲಿಷ್ ವಾಕ್ಯಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ.

‘ಬೀಯಿಂಗ್ ಎ ಸ್ಮಾಲ್ ಎಂಟರ್‌ಪ್ರೈಸ್, ಯೂ ಆರ್ ಬೌಂಡ್ ಟು ಪೇ ವಿದಿನ್ ಫಾರ್ಟಿಫೈವ್ ಡೇಸ್.’

ಬರೆದವರ ಉದ್ದೇಶ ಸ್ಪಷ್ಟ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಕಲಂ 15ರ ಪ್ರಕಾರ, ಅತಿಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದ ಖರೀದಿದಾರನು ಲಿಖಿತವಾಗಿ ಒಪ್ಪಿದ ದಿನದೊಳಗೆ ಹಣ ಸಲ್ಲಿಸಬೇಕು. ಆ ಅವಧಿ ಸರಕು ಸ್ವೀಕಾರದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ, ಕಲಂ 16ರಂತೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟಿ ಕೊಡಬೇಕಾಗುತ್ತದೆ. ಈ ಹಕ್ಕು ದೊರೆಯುವುದು ಮಾರಾಟಗಾರನು ಸಣ್ಣ ಉದ್ಯಮವಾಗಿರುವ ಕಾರಣದಿಂದ. ಆದರೆ ಮೇಲಿನ ವಾಕ್ಯ ಹೇಳುವುದು ಬೇರೆ: ‘ನೀವು ಸಣ್ಣ ಉದ್ಯಮವಾಗಿರುವುದರಿಂದ ನೀವು ಹಣ ಕೊಡಬೇಕು’ ಎಂದು. ಹಕ್ಕಿಗೆ ಆಧಾರವಾದ ಸಂಗತಿಯೇ ಎದುರು ಪಕ್ಷದ ಹೆಸರಿಗೆ ಬರೆದುಹೋಯಿತು. ಖರೀದಿದಾರನೂ ಒಂದು ಸಣ್ಣ ಉದ್ಯಮವೇ ಆಗಿದ್ದರಂತೂ ಗೊಂದಲ ಇನ್ನೂ ಹೆಚ್ಚುತ್ತದೆ.

ತಿದ್ದುಪಡಿ ಕಷ್ಟವಲ್ಲ: ‘ಆ್ಯಸ್ ವಿ ಆರ್ ಎ ಸ್ಮಾಲ್ ಎಂಟರ್‌ಪ್ರೈಸ್, ಯೂ ಆರ್ ಬೌಂಡ್ ಟು ಪೇ ವಿದಿನ್ ಫಾರ್ಟಿಫೈವ್ ಡೇಸ್.’ ‘ವಿ ಆರ್’ ಎಂಬ ಎರಡು ಪದಗಳು ಸೇರಿದೊಡನೆ ಯಾರು ಸಣ್ಣ ಉದ್ಯಮ ಎಂಬ ಪ್ರಶ್ನೆಯೇ ಏಳುವುದಿಲ್ಲ.

ನಿಯಮ ಒಂದೇ

ಇಂಗ್ಲಿಷ್ ವಾಕ್ಯದ ಆರಂಭದಲ್ಲಿ ತನ್ನದೇ ಕರ್ತೃವಿಲ್ಲದ ಒಂದು ಪದಗುಚ್ಛ ಬಂದು, ಅದರ ನಂತರ ಅಲ್ಪವಿರಾಮ ಬಂದರೆ, ಅಲ್ಪವಿರಾಮದ ಆಚೆಗಿರುವ ಮುಖ್ಯವಾಕ್ಯದ ಕರ್ತೃವೇ ಆ ಪದಗುಚ್ಛದ ಒಡೆಯ. ಬರೆದವರ ಮನಸ್ಸಿನಲ್ಲಿ ಯಾರಿದ್ದರು ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಅಚ್ಚು ಹಾಕಿಸಿದ ‘ದ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಚಿಕ್ಕ ಪುಸ್ತಕದಲ್ಲಿ ಇದಕ್ಕೆ ಒಂದು ಪ್ರತ್ಯೇಕ ನಿಯಮವನ್ನೇ ಮೀಸಲಿಟ್ಟರು. ಇಂಗ್ಲೆಂಡಿನ ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಪದಪ್ರಯೋಗ ಕೋಶದಲ್ಲಿ ಈ ದೋಷವನ್ನು ಚರ್ಚಿಸಿದರು. ಒಡೆಯನೇ ಇಲ್ಲದೆ ಉಳಿದ ಇಂಥ ಪದಗುಚ್ಛವನ್ನು ಇಂಗ್ಲಿಷ್ ವ್ಯಾಕರಣದಲ್ಲಿ ‘ಡ್ಯಾಂಗ್ಲಿಂಗ್ ಮಾಡಿಫೈಯರ್’, ಅಂದರೆ ಆಸರೆಯಿಲ್ಲದೆ ತೂಗಾಡುವ ವಿಶೇಷಕ, ಎಂದು ಕರೆಯುತ್ತಾರೆ. ಒಡೆಯನಿದ್ದೂ ಆತನಿಂದ ದೂರ ಬಿದ್ದು ಬೇರೊಬ್ಬನಿಗೆ ಅಂಟಿಕೊಂಡರೆ ಅದು ‘ಮಿಸ್‌ಪ್ಲೇಸ್ಡ್ ಮಾಡಿಫೈಯರ್’, ಸ್ಥಾನ ತಪ್ಪಿದ ವಿಶೇಷಕ. ಹೆಸರು ಎರಡಾದರೂ ಮದ್ದು ಹೆಚ್ಚುಕಡಿಮೆ ಒಂದೇ.

ಕನ್ನಡಿಗರಿಗೆ ಈ ತಪ್ಪು ಸುಲಭವಾಗುವುದೇಕೆ?

ಇದು ಇಂಗ್ಲಿಷ್ ಮಾತೃಭಾಷೆಯವರೂ ಮಾಡುವ ತಪ್ಪು. ಆದರೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದಕ್ಕೆ ಇನ್ನೂ ಎರಡು ಕಾರಣಗಳಿವೆ.

ಮೊದಲನೆಯದು, ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ವಾಕ್ಯ ಕೆಡುವುದಿಲ್ಲ. ‘ಸರಕು ಕಳುಹಿಸಿದ್ದೇವೆ’ ಎಂದರೆ ಸಾಕು; ‘ನಾವು’ ಎಂಬುದು ಕ್ರಿಯಾಪದದ ತುದಿಯಲ್ಲಿಯೇ ಅಡಗಿದೆ. ವಿಭಕ್ತಿ ಪ್ರತ್ಯಯಗಳಿರುವುದರಿಂದ ಪದಗಳ ಸ್ಥಾನ ಬದಲಾದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿಗೆ ಈ ಎರಡೂ ಸೌಕರ್ಯಗಳಿಲ್ಲ. ಅಲ್ಲಿ ಅರ್ಥವನ್ನು ನಿರ್ಧರಿಸುವುದು ಬಹುಮಟ್ಟಿಗೆ ಪದದ ಸ್ಥಾನವೇ.

ಎರಡನೆಯದು ಇನ್ನೂ ಮುಖ್ಯವಾದುದು. ಕನ್ನಡದ ‘ಮಾಡಿದ ಮೇಲೆ’, ‘ಮಾಡುವಾಗ’, ‘ಮಾಡಿದಾಗ’, ‘ಆದುದರಿಂದ’ ಎಂಬ ರೂಪಗಳಿಗೂ ಮುಖ್ಯವಾಕ್ಯಕ್ಕೂ ಕರ್ತೃ ಒಂದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ‘ಪೆಟ್ಟಿಗೆಗಳನ್ನು ತೆರೆದಾಗ ಹತ್ತು ಬಿಡಿಭಾಗಗಳು ತುಕ್ಕು ಹಿಡಿದಿದ್ದವು’ ಎಂಬುದು ಒಳ್ಳೆಯ ಕನ್ನಡ. ತೆರೆದವರು ಯಾರೋ, ತುಕ್ಕು ಹಿಡಿದದ್ದು ಮತ್ತೇನೋ, ಕೇಳುವವರಿಗೆ ತೊಡಕಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ‘ಓಪನಿಂಗ್ ದ ಬಾಕ್ಸಸ್, ಟೆನ್ ಪಾರ್ಟ್ಸ್ ವರ್ ರಸ್ಟೆಡ್’ ಎಂದು ಬರೆದರೆ, ತುಕ್ಕು ಹಿಡಿದ ಹತ್ತು ಬಿಡಿಭಾಗಗಳೇ ಪೆಟ್ಟಿಗೆಗಳನ್ನು ತೆರೆದಂತಾಗುತ್ತದೆ. ‘ಓಪನಿಂಗ್ ದ ಬಾಕ್ಸಸ್, ವಿ ಫೌಂಡ್ ಟೆನ್ ಪಾರ್ಟ್ಸ್ ರಸ್ಟೆಡ್’ ಎಂಬುದೇ ಸರಿಯಾದ ವಾಕ್ಯ. ಅಂದರೆ, ಕನ್ನಡದ ‘ಮಾಡಿದಾಗ’ ಎಂಬ ಸಡಿಲ ರೂಪವನ್ನು ಇಂಗ್ಲಿಷಿನ ‘ಇಂಗ್’ ಎಂಬ ಬಿಗಿ ರೂಪಕ್ಕೆ ಇಳಿಸುವಾಗ ತಪ್ಪು ನುಸುಳುತ್ತದೆ.

‘ಮಾಡಿ’ ಪರೀಕ್ಷೆ

ರೋಗ ಕನ್ನಡದ ಅಭ್ಯಾಸದಿಂದ ಬಂದರೂ, ಅದನ್ನು ಪತ್ತೆ ಹಚ್ಚುವ ಸಾಧನವೂ ಕನ್ನಡದಲ್ಲಿಯೇ ಇದೆ. ‘ಮಾಡಿ’, ‘ನೋಡಿ’, ‘ಬಂದು’, ‘ತೆರೆದು’ ಎಂಬ ಕೃದಂತಾವ್ಯಯಗಳು ‘ಮಾಡಿದಾಗ’ ಎಂಬುದರಂತೆ ಸಡಿಲವಲ್ಲ. ‘ರಾಮಣ್ಣನವರು ಸರಕು ನೋಡಿ ಹಣ ಕೊಟ್ಟರು’ ಎಂದರೆ ನೋಡಿದವರೂ ಕೊಟ್ಟವರೂ ಒಬ್ಬರೇ. ಇಂಗ್ಲಿಷಿನ ಆರಂಭಿಕ ಪದಗುಚ್ಛದ ಸ್ವಭಾವವೂ ಇದೇ.

ಆದಕಾರಣ, ಸಂದೇಹ ಬಂದಾಗ ಇಂಗ್ಲಿಷ್ ಪದಗುಚ್ಛವನ್ನು ‘ಮಾಡಿ’ ರೂಪಕ್ಕೆ ತಂದು, ಅಲ್ಪವಿರಾಮದ ನಂತರದ ಕರ್ತೃವಿನೊಡನೆ ಸೇರಿಸಿ ಓದಬೇಕು. ‘ಆಫ್ಟರ್ ಚೆಕಿಂಗ್ ದ ವೇಯ್ಟ್, ದ ಲಾರಿ ಲೆಫ್ಟ್ ದ ಯಾರ್ಡ್’ ಎಂಬುದು ‘ತೂಕ ಪರೀಕ್ಷಿಸಿ ಲಾರಿ ಹೊರಟಿತು’ ಎಂದಾಗುತ್ತದೆ. ಲಾರಿಯು ತೂಕ ಪರೀಕ್ಷಿಸದು ಎಂಬುದು ಕಿವಿಗೆ ಕೂಡಲೇ ತಿಳಿಯುತ್ತದೆ. ‘ಬೀಯಿಂಗ್’ ಎಂದು ಆರಂಭವಾಗುವಲ್ಲಿ ‘ಆಗಿದ್ದು’ ಎಂದು ಇಟ್ಟು ನೋಡಬೇಕು: ‘ಸಣ್ಣ ಉದ್ಯಮವಾಗಿದ್ದು ನೀವು ಹಣ ಕೊಡಬೇಕು.’ ಎಡವಟ್ಟು ಬಯಲಾಯಿತು.

ಆರಂಭದ ಗುಚ್ಛವು ‘ಮೇಡ್ ಆಫ್’, ‘ಎಸ್ಟಾಬ್ಲಿಷ್ಡ್ ಇನ್’, ‘ಕೋಟೆಡ್ ವಿತ್’ ಎಂಬ ಬಗೆಯದಾಗಿದ್ದರೆ, ಅದನ್ನು ಕನ್ನಡದಲ್ಲಿ ಕರ್ತೃವಿನ ಹಿಂದೆಯೇ ವಿಶೇಷಣವಾಗಿ ಜೋಡಿಸಬೇಕು. ‘ಎಸ್ಟಾಬ್ಲಿಷ್ಡ್ ಇನ್ ನೈಂಟೀನ್ ಎಯ್ಟಿಫೈವ್, ಅವರ್ ಪಂಪ್ಸ್ ಆರ್ ಸೋಲ್ಡ್ ಇನ್ ಟೆನ್ ಡಿಸ್ಟ್ರಿಕ್ಟ್ಸ್’ ಎಂಬುದು ‘1985ರಲ್ಲಿ ಸ್ಥಾಪಿತವಾದ ನಮ್ಮ ಪಂಪುಗಳು’ ಎಂದಾಗುತ್ತದೆ. ಸ್ಥಾಪಿತವಾದದ್ದು ಸಂಸ್ಥೆಯೇ ಹೊರತು ಪಂಪುಗಳಲ್ಲ.

‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃ ಎರಡಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ‘ಬಂದು’ ಎಂಬುದಕ್ಕೆ ‘ಮಳೆ’ ಎಂಬ ಸ್ವಂತ ಕರ್ತೃವಿದೆ; ಆದ್ದರಿಂದ ಗೊಂದಲವಿಲ್ಲ. ಇಂಗ್ಲಿಷ್ ಸಹ ಅದಕ್ಕೆ ಒಪ್ಪುತ್ತದೆ: ‘ದ ಅಡ್ವಾನ್ಸ್ ಹ್ಯಾವಿಂಗ್ ಬೀನ್ ರಿಸೀವ್ಡ್, ವಿ ಡಿಸ್ಪ್ಯಾಚ್ಡ್ ದ ಗೂಡ್ಸ್’ ಎಂಬ ವಾಕ್ಯ ಸರಿಯಾಗಿದೆ. ಪರೀಕ್ಷೆ ಬೇಕಾಗುವುದು ಸ್ವಂತ ಕರ್ತೃವಿಲ್ಲದ ಗುಚ್ಛಗಳಿಗೆ.

ನಗೆ, ಸಂಶಯ, ನಷ್ಟ

ಈ ದೋಷಗಳೆಲ್ಲವೂ ಸಮಾನವಲ್ಲ. ವ್ಯಾಪಾರಿಯ ದೃಷ್ಟಿಯಿಂದ ಅವನ್ನು ಮೂರು ದರ್ಜೆಗಳಲ್ಲಿ ಇಡಬಹುದು.

ಮೊದಲ ದರ್ಜೆಯವು ನಗೆಯನ್ನು ತರಿಸುತ್ತವೆ, ಅಷ್ಟೆ. ಇವು ಹೆಚ್ಚಾಗಿ ಕಾಣುವುದು ಸರಕಿನ ಪರಿಚಯ ಪತ್ರಗಳಲ್ಲಿ. ಗಾಢ ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅದನ್ನು ಹೊರನಾಡಿಗೆ ಪರಿಚಯಿಸುವ ಪತ್ರದಲ್ಲಿ ‘ನೋನ್ ಫಾರ್ ಇಟ್ಸ್ ರೆಡ್ ಕಲರ್ ಆ್ಯಂಡ್ ಮೈಲ್ಡ್ ಟೇಸ್ಟ್, ಅವರ್ ಫರ್ಮ್ ಸಪ್ಲೈಸ್ ಬ್ಯಾಡಗಿ ಚಿಲ್ಲಿ’ ಎಂದು ಬರೆದರೆ, ಕೆಂಪಾಗಿರುವುದು ಮಳಿಗೆಯೇ ಆಗುತ್ತದೆ. ಚನ್ನಪಟ್ಟಣದ ಗೊಂಬೆಗಳ ಬಗೆಗೆ ‘ಕೋಟೆಡ್ ವಿತ್ ಲ್ಯಾಕ್, ಚಿಲ್ಡ್ರನ್ ಲವ್ ದೀಸ್ ಟಾಯ್ಸ್’ ಎಂದರೆ, ಅರಗು ಬಳಿಸಿಕೊಂಡವರು ಮಕ್ಕಳೇ. ಓದುವವರಿಗೆ ಅರ್ಥವೇನೋ ಆಗುತ್ತದೆ. ಆದರೆ ವಾಕ್ಯವನ್ನು ತಿದ್ದಿ ನೋಡದವರು ಸರಕನ್ನು ತಿದ್ದಿ ನೋಡಿದ್ದಾರೆಯೇ ಎಂಬ ಅನುಮಾನ ಹೊಸ ಗಿರಾಕಿಯಲ್ಲಿ ಮೂಡಬಹುದು. ಸರಿಯಾದ ರೂಪಗಳು: ‘ಅವರ್ ಫರ್ಮ್ ಸಪ್ಲೈಸ್ ಬ್ಯಾಡಗಿ ಚಿಲ್ಲಿ, ನೋನ್ ಫಾರ್ ಇಟ್ಸ್ ರೆಡ್ ಕಲರ್ ಆ್ಯಂಡ್ ಮೈಲ್ಡ್ ಟೇಸ್ಟ್’ ಮತ್ತು ‘ಕೋಟೆಡ್ ವಿತ್ ಲ್ಯಾಕ್, ದೀಸ್ ಟಾಯ್ಸ್ ಆರ್ ಲವ್ಡ್ ಬೈ ಚಿಲ್ಡ್ರನ್.’

ಎರಡನೆಯ ದರ್ಜೆಯವು ಸಂಶಯವನ್ನು ಉಳಿಸುತ್ತವೆ. ‘ಆಫ್ಟರ್ ಇನ್‌ಸ್ಪೆಕ್ಟಿಂಗ್ ದ ಕನ್‌ಸೈನ್‌ಮೆಂಟ್, ಇಟ್ ವಾಸ್ ರಿಜೆಕ್ಟೆಡ್.’ ಪರಿಶೀಲಿಸಿದವರು ಯಾರು? ಖರೀದಿದಾರನ ಗುಮಾಸ್ತರೋ, ಹೊರಗಿನ ತಪಾಸಣಾ ಸಂಸ್ಥೆಯೋ, ಸಾರಿಗೆಯವರೋ? ತಿರಸ್ಕರಿಸಿದವರು ಅವರೆಯೋ, ಬೇರೆಯವರೋ? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮೇಲೆ ಹೇಳಿದ 2006ರ ಕಾಯ್ದೆಯಲ್ಲಿಯೇ, ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತವಾಗಿ ಆಕ್ಷೇಪಿಸದಿದ್ದರೆ ಸರಕು ತಲುಪಿದ ದಿನವನ್ನೇ ಸ್ವೀಕಾರದ ದಿನವೆಂದು ಎಣಿಸಲಾಗುತ್ತದೆ. ಆದ್ದರಿಂದ ಆಕ್ಷೇಪಣೆಯ ಪತ್ರದಲ್ಲಿ ಯಾರು, ಎಂದು, ಏನು ಮಾಡಿದರು ಎಂಬುದು ಒಂದೊಂದೂ ಬೆಲೆಯುಳ್ಳದ್ದು. ‘ಆನ್ ಜೂನ್ ಫೋರ್, ಅವರ್ ಸ್ಟೋರ್‌ಕೀಪರ್ ಇನ್‌ಸ್ಪೆಕ್ಟೆಡ್ ದ ಕನ್‌ಸೈನ್‌ಮೆಂಟ್. ವಿ ರಿಜೆಕ್ಟೆಡ್ ಇಟ್ ದ ಸೇಮ್ ಡೇ’ ಎಂದು ಬರೆದರೆ ವಾಕ್ಯ ಎರಡಾದರೂ ಸಂಶಯ ಒಂದೂ ಉಳಿಯುವುದಿಲ್ಲ.

ಮೂರನೆಯ ದರ್ಜೆಯವೇ ಅಪಾಯಕಾರಿ. ಇಲ್ಲಿ ತಪ್ಪು ಕರ್ತೃವೂ ವಾಕ್ಯಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ; ಯಾರಿಗೂ ನಗು ಬರುವುದಿಲ್ಲ, ಸಂಶಯವೂ ಬರುವುದಿಲ್ಲ, ಅರ್ಥ ಮಾತ್ರ ತಲೆಕೆಳಗಾಗುತ್ತದೆ. ಬಟ್ಟೆಯ ವ್ಯಾಪಾರಿಯೊಬ್ಬರು ತಾವು ಮಾದರಿಯನ್ನು ಒಪ್ಪಿದ ಬಳಿಕ ತಯಾರಕರು ಬಣ್ಣ ಬದಲಿಸಿದರೆಂದು ಹೀಗೆ ಬರೆಯುತ್ತಾರೆ ಎಂದುಕೊಳ್ಳೋಣ: ‘ಹ್ಯಾವಿಂಗ್ ಅಪ್ರೂವ್ಡ್ ದ ಸ್ಯಾಂಪಲ್, ದ ಸಪ್ಲೈಯರ್ ಚೇಂಜ್ಡ್ ದ ಶೇಡ್.’ ವಾಕ್ಯದ ಪ್ರಕಾರ ಮಾದರಿಯನ್ನು ಒಪ್ಪಿದವರು ತಯಾರಕರು. 1930ರ ಸರಕು ಮಾರಾಟ ಕಾಯ್ದೆಯ ಕಲಂ 17ರಂತೆ, ಮಾದರಿ ತೋರಿಸಿ ಮಾಡಿದ ಮಾರಾಟದಲ್ಲಿ ಒಟ್ಟು ಸರಕು ಗುಣಮಟ್ಟದಲ್ಲಿ ಮಾದರಿಗೆ ಸರಿಹೊಂದಬೇಕೆಂಬುದು ಒಂದು ಅಂತರ್ಗತ ಷರತ್ತು. ವ್ಯಾಪಾರಿಯ ಇಡೀ ತಕರಾರು ನಿಂತಿರುವುದು ‘ನಾವು ಒಪ್ಪಿದ ಮಾದರಿ’ ಎಂಬ ಮಾತಿನ ಮೇಲೆ. ಆ ‘ನಾವು’ ಎಂಬುದೇ ಪತ್ರದಲ್ಲಿ ಇಲ್ಲ. ‘ವಿ ಅಪ್ರೂವ್ಡ್ ದ ಸ್ಯಾಂಪಲ್. ದ ಸಪ್ಲೈಯರ್ ದೆನ್ ಚೇಂಜ್ಡ್ ದ ಶೇಡ್’ ಎಂದು ಬರೆಯಬೇಕಿತ್ತು.

ಇದೇ ದರ್ಜೆಯ ಮತ್ತೊಂದು ವಾಕ್ಯ ಗ್ಯಾರಂಟಿ ಕಾರ್ಡಿನದು: ‘ಆಫ್ಟರ್ ರಿಪೇರಿಂಗ್ ದ ಮೋಟರ್, ದ ಸಪ್ಲೈಯರ್ ವಿಲ್ ನಾಟ್ ಬಿ ರೆಸ್ಪಾನ್ಸಿಬಲ್ ಫಾರ್ ದ ವೈಂಡಿಂಗ್.’ ಖರೀದಿದಾರನು ಬೇರೆಡೆ ರಿಪೇರಿ ಮಾಡಿಸಿದರೆ ತಾವು ಹೊಣೆಯಲ್ಲ ಎಂಬುದು ತಯಾರಕರ ಆಶಯ. ವಾಕ್ಯ ಹೇಳುವುದು, ತಾವೇ ರಿಪೇರಿ ಮಾಡಿಯೂ ತಾವು ಹೊಣೆಯಲ್ಲ ಎಂದು. ಅದನ್ನು ಓದಿದ ಗಿರಾಕಿ ಆ ಮೋಟರನ್ನು ಕೊಳ್ಳುವುದಾದರೂ ಏಕೆ? ‘ಇಫ್ ದ ಬಯರ್ ಗೆಟ್ಸ್ ದ ಮೋಟರ್ ರಿಪೇರ್ಡ್ ಎಲ್ಸ್‌ವೇರ್, ದ ಸಪ್ಲೈಯರ್ ವಿಲ್ ನಾಟ್ ಬಿ ರೆಸ್ಪಾನ್ಸಿಬಲ್ ಫಾರ್ ದ ವೈಂಡಿಂಗ್’ ಎಂದರೆ ಎರಡೂ ಪಕ್ಷಗಳಿಗೆ ತಿಳಿಯುತ್ತದೆ.

ಬಾಯಿಮಾತಿನ ವಿವರಣೆ ಸಾಲದು

‘ನಮ್ಮ ಉದ್ದೇಶ ಅದಾಗಿರಲಿಲ್ಲ’ ಎಂದು ಆಮೇಲೆ ಹೇಳಬಹುದಲ್ಲ ಎಂಬ ಭರವಸೆ ಕೆಲವರಿಗಿರುತ್ತದೆ. ನ್ಯಾಯಾಲಯಗಳು ಒಂದು ಅಲ್ಪವಿರಾಮವನ್ನಷ್ಟೇ ನೋಡಿ ತೀರ್ಪು ಕೊಡುವುದಿಲ್ಲ. ಇಡೀ ದಾಖಲೆಯನ್ನೂ ಸಂದರ್ಭವನ್ನೂ ಗಮನಿಸುತ್ತವೆ ಎಂಬುದು ನಿಜ. ಆದರೂ ಮೂರು ತತ್ತ್ವಗಳನ್ನು ವರ್ತಕರು ನೆನಪಿನಲ್ಲಿಡುವುದು ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 29ರಂತೆ, ಅರ್ಥ ನಿಶ್ಚಿತವಲ್ಲದ ಮತ್ತು ನಿಶ್ಚಿತಗೊಳಿಸಲಾಗದ ಒಪ್ಪಂದವು ಅನೂರ್ಜಿತ. ದಾಖಲೆಯ ಭಾಷೆ ಮೇಲ್ನೋಟಕ್ಕೇ ದ್ವಂದ್ವಾರ್ಥದ್ದಾಗಿದ್ದರೆ ಅದನ್ನು ಸರಿಪಡಿಸಲು ಹೊರಗಿನ ಸಾಕ್ಷ್ಯ ಕೊಡುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಕುದುರೆಯನ್ನು ಸಾವಿರ ಅಥವಾ ಒಂದೂವರೆ ಸಾವಿರ ರೂಪಾಯಿಗೆ ಮಾರುವುದಾಗಿ ಬರೆದುಕೊಟ್ಟವನು, ಎರಡರಲ್ಲಿ ಯಾವ ಬೆಲೆ ಎಂಬುದಕ್ಕೆ ಸಾಕ್ಷಿ ಕೊಡಲಾಗದು ಎಂಬುದು ಹಳೆಯ ಕಾಯ್ದೆಯಲ್ಲಿದ್ದ ದೃಷ್ಟಾಂತ. ಮೂರನೆಯದಾಗಿ, ಕರಾರಿನ ಷರತ್ತು ಎರಡು ಅರ್ಥಕ್ಕೆ ಎಡೆಕೊಟ್ಟಾಗ, ಅದನ್ನು ಬರೆದ ಪಕ್ಷಕ್ಕೆ ಪ್ರತಿಕೂಲವಾದ ಅರ್ಥವನ್ನು ಹಿಡಿಯುವ ಪದ್ಧತಿ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ಇದೆ. ಗ್ಯಾರಂಟಿ ಕಾರ್ಡನ್ನು ಬರೆಯುವವರು ತಯಾರಕರೇ ಆದುದರಿಂದ ಎಚ್ಚರ ಬೇಕಾದದ್ದೂ ಅವರಿಗೇ.

ಎಲ್ಲೆಲ್ಲಿ ಎಚ್ಚರ ವಹಿಸಬೇಕು?

ಮೊದಲನೆಯ ಸ್ಥಳ ಕರ್ಮಣಿ ಪ್ರಯೋಗ. ‘ಇಟ್ ಈಸ್ ಡಿಸೈಡೆಡ್’, ‘ದ ಮೆಟೀರಿಯಲ್ ವಾಸ್ ರಿಟರ್ನ್ಡ್’ ಎಂಬ ಕಚೇರಿ ಶೈಲಿ ಗಂಭೀರವಾಗಿ ಕಾಣುತ್ತದೆ. ಆದರೆ ಅದರಲ್ಲಿ ಕೆಲಸ ಮಾಡಿದವರ ಹೆಸರೇ ಮಾಯವಾಗುತ್ತದೆ. ಆರಂಭದ ಗುಚ್ಛಕ್ಕೆ ಒಡೆಯನೇ ಸಿಕ್ಕುವುದಿಲ್ಲ. ಗುಚ್ಛದಿಂದ ಆರಂಭವಾಗುವ ವಾಕ್ಯದಲ್ಲಿ ಕರ್ತರಿ ಪ್ರಯೋಗವೇ ಕ್ಷೇಮ.

ಎರಡನೆಯದು ‘ಅವರ್’, ‘ಯುವರ್’ ಎಂಬ ಷಷ್ಠೀ ರೂಪದ ಪದಗಳು. ‘ಹ್ಯಾವಿಂಗ್ ಪೇಯ್ಡ್ ದ ಅಡ್ವಾನ್ಸ್, ಅವರ್ ಆರ್ಡರ್ ವಾಸ್ ಡಿಲೇಡ್’ ಎಂಬಲ್ಲಿ ‘ಅವರ್’ ಇರುವುದರಿಂದ ಎಲ್ಲವೂ ಸರಿಯೆಂದು ತೋರುತ್ತದೆ. ಆದರೆ ಕರ್ತೃ ‘ಆರ್ಡರ್’. ಮುಂಗಡ ಕೊಟ್ಟದ್ದು ಆರ್ಡರ್ ಅಲ್ಲ. ‘ವಿ ಪೇಯ್ಡ್ ದ ಅಡ್ವಾನ್ಸ್, ಬಟ್ ಅವರ್ ಆರ್ಡರ್ ವಾಸ್ ಡಿಲೇಡ್’ ಎಂಬುದು ನೇರ.

ಮೂರನೆಯದು ಬಳಕೆಯ ಕೈಪಿಡಿ. ಆಜ್ಞಾರ್ಥಕ ವಾಕ್ಯದಲ್ಲಿ ‘ಯೂ’ ಎಂಬ ಕರ್ತೃ ಕಾಣದಿದ್ದರೂ ಇದ್ದೇ ಇರುತ್ತದೆ. ಆದ್ದರಿಂದ ‘ಬಿಫೋರ್ ಸ್ಟಾರ್ಟಿಂಗ್ ದ ಮಷೀನ್, ಚೆಕ್ ದ ಆಯಿಲ್ ಲೆವೆಲ್’ ಎಂಬುದು ದೋಷರಹಿತ. ಆದರೆ ‘ವೈಲ್ ರನ್ನಿಂಗ್, ಡು ನಾಟ್ ಓಪನ್ ದ ಕವರ್’ ಎಂದರೆ ‘ಓಡುತ್ತ ಮುಚ್ಚಳ ತೆರೆಯಬೇಡಿ’ ಎಂದಾಗುತ್ತದೆ. ಓಡುತ್ತಿರುವುದು ಯಂತ್ರ, ಬೆರಳು ಹೋಗುವುದು ಕಾರ್ಮಿಕನದು. ‘ಡು ನಾಟ್ ಓಪನ್ ದ ಕವರ್ ವೈಲ್ ದ ಮಷೀನ್ ಈಸ್ ರನ್ನಿಂಗ್’ ಎಂದು ಬರೆಯುವುದರಿಂದ ಎಚ್ಚರಿಕೆಯೂ ಮೊದಲು ಬರುತ್ತದೆ, ಅರ್ಥವೂ ಖಚಿತವಾಗುತ್ತದೆ.

ತಿದ್ದುವ ಮೂರು ದಾರಿಗಳು

ಒಂದು, ಅಲ್ಪವಿರಾಮದ ನಂತರ ನಿಜವಾದ ಕರ್ತೃವನ್ನೇ ತಂದು ಕೂರಿಸುವುದು. ಎರಡು, ಆರಂಭದ ಗುಚ್ಛಕ್ಕೆ ಸ್ವಂತ ಕರ್ತೃ ಕೊಟ್ಟು ಪೂರ್ಣ ಉಪವಾಕ್ಯ ಮಾಡುವುದು. ‘ಆಫ್ಟರ್ ಓಪನಿಂಗ್’ ಎಂಬುದು ‘ಆಫ್ಟರ್ ವಿ ಓಪನ್ಡ್’ ಆಗುತ್ತದೆ. ಮೂರು, ಗುಚ್ಛವನ್ನು ಅದು ವರ್ಣಿಸುವ ಪದದ ಪಕ್ಕಕ್ಕೆ ಸರಿಸುವುದು, ಇಲ್ಲವೇ ವಾಕ್ಯವನ್ನು ಎರಡಾಗಿ ಒಡೆಯುವುದು. ಹಣ, ದಿನಾಂಕ, ಹೊಣೆಗಾರಿಕೆ ಇವುಗಳ ಮಾತು ಬಂದಲ್ಲೆಲ್ಲ ಎರಡಾಗಿ ಒಡೆಯುವ ದಾರಿಯೇ ಅತ್ಯಂತ ಸುರಕ್ಷಿತ. ಚಿಕ್ಕ ವಾಕ್ಯ ಬರೆದದ್ದಕ್ಕೆ ಯಾವ ಗಿರಾಕಿಯೂ ಮುನಿಸಿಕೊಳ್ಳುವುದಿಲ್ಲ.

ನಿಯಮಕ್ಕೆ ಹೊರತಾದವು

ಕೆಲವು ಪದಗಳು ‘ಇಂಗ್’ ರೂಪದಲ್ಲಿದ್ದರೂ ದೀರ್ಘಕಾಲದ ಬಳಕೆಯಿಂದ ಅವ್ಯಯಗಳಂತೆಯೇ ಆಗಿವೆ. ‘ರಿಗಾರ್ಡಿಂಗ್’, ‘ಕನ್ಸರ್ನಿಂಗ್’, ‘ಕನ್ಸಿಡರಿಂಗ್’, ‘ಅಕಾರ್ಡಿಂಗ್ ಟು’, ‘ಡಿಪೆಂಡಿಂಗ್ ಆನ್’, ‘ಜೆನೆರಲಿ ಸ್ಪೀಕಿಂಗ್’ ಇವು ಆ ಗುಂಪಿನವು. ‘ಕನ್ಸಿಡರಿಂಗ್ ದ ಡಿಸ್ಟನ್ಸ್, ದ ಫ್ರೈಟ್ ಈಸ್ ರೀಸನಬಲ್’ ಎಂಬಲ್ಲಿ ಸರಕು ಸಾಗಣೆಯ ಬಾಡಿಗೆಯೇ ದೂರವನ್ನು ಲೆಕ್ಕ ಹಾಕಿತೆಂದು ಯಾರೂ ತಿಳಿಯುವುದಿಲ್ಲ. ‘ಆನ್ ರಿಸೀಟ್ ಆಫ್ ದ ಅಡ್ವಾನ್ಸ್, ದ ಮಷೀನ್ ವಿಲ್ ಬಿ ಡಿಸ್ಪ್ಯಾಚ್ಡ್’ ಎಂಬ ರೂಢಿಯ ವಾಕ್ಯವನ್ನೂ ತಿದ್ದಬೇಕಿಲ್ಲ. ಅಲ್ಲಿ ‘ರಿಸೀಟ್’ ಎಂಬುದು ನಾಮಪದ.

ಅಭ್ಯಾಸ

ಕೆಳಗಿನ ಆರು ವಾಕ್ಯಗಳಲ್ಲಿ ಎರಡು ಸರಿಯಾಗಿವೆ. ಉತ್ತರ ನೋಡುವ ಮುನ್ನ ‘ಮಾಡಿ’ ಪರೀಕ್ಷೆಯನ್ನು ಪ್ರಯೋಗಿಸಿ ನೋಡಬಹುದು.

1. ಆ್ಯಸ್ ಅವರ್ ಓಲ್ಡೆಸ್ಟ್ ಕಸ್ಟಮರ್, ವಿ ಆರ್ ಗಿವಿಂಗ್ ಯೂ ಎ ಡಿಸ್ಕೌಂಟ್.
2. ವೈಲ್ ಅನ್‌ಲೋಡಿಂಗ್ ದ ಲಾರಿ, ತ್ರೀ ಡ್ರಮ್ಸ್ ಸ್ಟಾರ್ಟೆಡ್ ಲೀಕಿಂಗ್.
3. ಬಿಫೋರ್ ಸೈನಿಂಗ್ ದ ರಿಸೀಟ್, ಕೌಂಟ್ ದ ಬ್ಯಾಗ್ಸ್.
4. ಅನ್‌ಲೈಕ್ ಅವರ್ ಕಾಂಪಿಟಿಟರ್ಸ್, ಅವರ್ ಪ್ರೈಸಸ್ ಇನ್‌ಕ್ಲೂಡ್ ಫ್ರೈಟ್.
5. ಡಿಪೆಂಡಿಂಗ್ ಆನ್ ದ ಕ್ವಾಂಟಿಟಿ, ದ ಪ್ರೈಸ್ ಮೇ ಚೇಂಜ್.
6. ಟು ಅವಾಯ್ಡ್ ಬ್ರೇಕೇಜ್, ಸ್ಟ್ರಾ ವಾಸ್ ಯೂಸ್ಡ್ ಇನ್ ದ ಪ್ಯಾಕಿಂಗ್.

ಉತ್ತರಗಳು

1. ತಪ್ಪು. ಹಳೆಯ ಗಿರಾಕಿ ‘ವಿ’ ಅಲ್ಲ, ‘ಯೂ’. ‘ಆ್ಯಸ್ ಅವರ್ ಓಲ್ಡೆಸ್ಟ್ ಕಸ್ಟಮರ್, ಯೂ ವಿಲ್ ಗೆಟ್ ಎ ಡಿಸ್ಕೌಂಟ್’ ಎಂಬುದು ಸರಿ.

2. ತಪ್ಪು. ಡ್ರಮ್ಮುಗಳು ತಮ್ಮನ್ನು ತಾವೇ ಇಳಿಸಿಕೊಂಡಂತಾಗಿದೆ. ‘ವೈಲ್ ದ ಟ್ರಾನ್ಸ್‌ಪೋರ್ಟರ್ಸ್ ಮೆನ್ ವರ್ ಅನ್‌ಲೋಡಿಂಗ್ ದ ಲಾರಿ’ ಎಂದೋ, ‘ವೈಲ್ ಅವರ್ ಮೆನ್ ವರ್ ಅನ್‌ಲೋಡಿಂಗ್ ದ ಲಾರಿ’ ಎಂದೋ, ನಡೆದದ್ದಕ್ಕೆ ಅನುಗುಣವಾಗಿ ಬರೆಯಬೇಕು. ನಷ್ಟ ಯಾರ ತಲೆಗೆ ಎಂಬುದು ಈ ಒಂದು ಪದವನ್ನು ಅವಲಂಬಿಸಿರಬಹುದು.

3. ಸರಿ. ಆಜ್ಞಾರ್ಥಕದಲ್ಲಿ ಸಹಿ ಮಾಡುವವರೂ ಎಣಿಸುವವರೂ ಒಬ್ಬರೇ.

4. ತಪ್ಪು. ಪ್ರತಿಸ್ಪರ್ಧಿಗಳನ್ನು ಬೆಲೆಗಳೊಡನೆ ಹೋಲಿಸಿದಂತಾಗಿದೆ. ‘ಅನ್‌ಲೈಕ್ ಅವರ್ ಕಾಂಪಿಟಿಟರ್ಸ್, ವಿ ಇನ್‌ಕ್ಲೂಡ್ ಫ್ರೈಟ್ ಇನ್ ಅವರ್ ಪ್ರೈಸಸ್’ ಎಂಬುದು ಸರಿ.

5. ಸರಿ. ‘ಡಿಪೆಂಡಿಂಗ್ ಆನ್’ ಹೊರತಾದವುಗಳ ಗುಂಪಿಗೆ ಸೇರಿದೆ.

6. ಸೌಮ್ಯವಾದ ದೋಷ. ಉದ್ದೇಶ ಸೂಚಿಸುವ ‘ಟು’ ಗು‌ಚ್ಛದ ಜೊತೆ ಕರ್ಮಣಿ ಪ್ರಯೋಗವನ್ನು ಅನೇಕರು ಒಪ್ಪುತ್ತಾರೆ. ಆದರೂ ತಕರಾರಿನ ಪತ್ರದಲ್ಲಿ ‘ಟು ಅವಾಯ್ಡ್ ಬ್ರೇಕೇಜ್, ವಿ ಯೂಸ್ಡ್ ಸ್ಟ್ರಾ ಇನ್ ದ ಪ್ಯಾಕಿಂಗ್’ ಎಂದು ಬರೆಯುವುದು ಮೇಲು. ಎಚ್ಚರ ವಹಿಸಿದವರು ಯಾರೆಂಬುದು ದಾಖಲೆಯಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಪತ್ರ ಅಥವಾ ಇ-ಮೇಲ್ ಕಳುಹಿಸುವ ಮುನ್ನ ಒಂದು ನಿಮಿಷ ವ್ಯಯಿಸಿ, ವಾಕ್ಯದ ಆರಂಭದಲ್ಲಿ ಬಂದಿರುವ ಪ್ರತಿಯೊಂದು ಅಲ್ಪವಿರಾಮದ ಬಳಿ ನಿಲ್ಲುವ ಅಭ್ಯಾಸವನ್ನು ಕಚೇರಿಯಲ್ಲಿ ಬೆಳೆಸುವುದು ಉಚಿತ. ಅಲ್ಪವಿರಾಮದ ಹಿಂದಿನ ಕೆಲಸವನ್ನು ಮಾಡಿದವರು ಅದರ ಮುಂದೆ ಕಾಣಿಸುತ್ತಾರೆಯೇ ಎಂದು ಕೇಳಿಕೊಂಡರೆ ಸಾಕು. ಹೌದೆಂದಾದರೆ ಪತ್ರ ಹೋಗಬಹುದು. ಇಲ್ಲವೆಂದಾದರೆ ತಿದ್ದಲು ಒಂದೆರಡು ಪದಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ. ಇನ್‌ವಾಯ್ಸಿನ ಮೊತ್ತವನ್ನು ಕೂಡಿ ನೋಡುವಷ್ಟೇ ಸಹಜವಾಗಿ ಈ ಪರಿಶೀಲನೆಯೂ ನಡೆದಲ್ಲಿ, ಬರೆದವರ ಹಕ್ಕು ಬರೆದವರ ಹೆಸರಿನಲ್ಲಿಯೇ ಉಳಿಯುತ್ತದೆ.